ಒಡವೆ ಕೌಂಟರಿನಿಂದ ಕಂಡ ಹಿಂಜರಿತ

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತವನಿಗೆ ಕಾಲ ಕೆಟ್ಟಿದೆ ಎಂದು ತಿಳಿಯಲು ಪತ್ರಿಕೆ ಬೇಕಾಗುವುದಿಲ್ಲ. ಒಡವೆ ಸಾಲದ ಕೌಂಟರಿನ ಮುಂದಿನ ಬೆಂಚು ಬೆಳಿಗ್ಗೆ ಹತ್ತೂವರೆಗೇ ತುಂಬಿತೆಂದರೆ ಮುಗಿಯಿತು. 2020ರ ಆಗಸ್ಟ್‌ನಲ್ಲಿ ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಪಕ್ಕದ ಶಾಖೆಯಲ್ಲಿದ್ದೆ. ದಿನಕ್ಕೆ ಎರಡು ಗಂಟೆ ಬಂದು ಚಿನ್ನ ನೋಡಿ ಹೋಗುತ್ತಿದ್ದ ನಮ್ಮ ಅಪ್ರೈಸರ್ ಆ ತಿಂಗಳು ಊಟದ ಡಬ್ಬಿ ಕಟ್ಟಿಕೊಂಡು ಬರತೊಡಗಿದರು. ಒಂದು ದಿನ ಒಬ್ಬ ಹೆಣ್ಣುಮಗಳ ಬಳೆ ಕೈಯಿಂದ ಜಾರಲಿಲ್ಲ. ಸೋಪು ಕೇಳಿದರು. ಆಗ ಎಲ್ಲ ಮೇಜಿನ ಮೇಲೂ ಇದ್ದ ಸ್ಯಾನಿಟೈಸರ್ ಬಾಟಲಿಯನ್ನೇ ಕೊಟ್ಟೆವು. ಎರಡು ಬಳೆ, ಇಪ್ಪತ್ತನಾಲ್ಕು ಗ್ರಾಂ. ಜೊತೆಗಿದ್ದ ಗಂಡ ಅಷ್ಟು ಹೊತ್ತೂ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದ.

ಅದೇ ತಿಂಗಳು ರಿಸರ್ವ್ ಬ್ಯಾಂಕು ಒಡವೆಯ ಬೆಲೆಯಲ್ಲಿ ಶೇ. 75ರವರೆಗೆ ಮಾತ್ರ ಸಾಲ ಕೊಡಬಹುದೆಂಬ ಮಿತಿಯನ್ನು, ಕೃಷಿಯೇತರ ಸಾಲಗಳಿಗೆ, 2021ರ ಮಾರ್ಚ್ ಕೊನೆಯವರೆಗೆ ಶೇ. 90ಕ್ಕೆ ಏರಿಸಿತ್ತು. ಜನರ ಕೈಯಲ್ಲಿ ಸಂಬಳ ಓಡಾಡುತ್ತಿಲ್ಲ, ಪೆಟ್ಟಿಗೆಯಲ್ಲಿರುವ ಚಿನ್ನವಾದರೂ ಓಡಾಡಲಿ ಎಂಬ ಲೆಕ್ಕಾಚಾರ ಅದು.

ಹಿಂಜರಿತದ ವ್ಯಾಖ್ಯೆ ಸರಳ. ಸತತ ಎರಡು ತ್ರೈಮಾಸಿಕ ದೇಶದ ಒಟ್ಟು ಉತ್ಪನ್ನ, ಅಂದರೆ ಜಿಡಿಪಿ, ಕುಗ್ಗಿದರೆ ಹಿಂಜರಿತ ಎನ್ನುತ್ತಾರೆ. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ನಮ್ಮ ಜಿಡಿಪಿ ಹಿಂದಿನ ವರ್ಷದ ಅದೇ ಅವಧಿಗೆ ಹೋಲಿಸಿದರೆ ಹೆಚ್ಚುಕಡಿಮೆ ಕಾಲು ಭಾಗ ಕುಸಿದಿತ್ತು. ಮುಂದಿನ ತ್ರೈಮಾಸಿಕವೂ ಇಳಿಕೆಯಲ್ಲೇ ಮುಗಿಯಿತು. ನಮ್ಮ ಹಿರಿಯರು ಕಂಡ ಕೆಟ್ಟ ವರ್ಷಗಳು ಬೇರೆ ಥರದವು. 1965-66, 1979-80ರಲ್ಲಿ ಮಳೆ ಕೈಕೊಟ್ಟು ದೇಶದ ಉತ್ಪನ್ನ ಇಳಿದಿತ್ತು. 2020ರಲ್ಲಿ ಮಳೆ ಚೆನ್ನಾಗಿತ್ತು, ಗದ್ದೆ ಹಸಿರಾಗಿತ್ತು. ಕೆಟ್ಟಿದ್ದು ಪೇಟೆ.

ಪೇಟೆ ಹೇಗೆ ಕೆಡುತ್ತದೆ ಎಂಬುದನ್ನು ನಾನು ನೋಡಿದ್ದು ಒಂದು ಲೇಥ್ ವರ್ಕ್‌ಶಾಪಿನ ಸಿಸಿ ಖಾತೆಯಲ್ಲಿ, ಅಂದರೆ ಮಾಲು ಮತ್ತು ಬರಬೇಕಾದ ಬಾಕಿಯ ಆಧಾರದ ಮೇಲೆ ಬ್ಯಾಂಕು ಒಂದು ಮಿತಿಯವರೆಗೆ ಕೊಡುವ ಸಾಲದ ಖಾತೆಯಲ್ಲಿ. ಕ್ಯಾಲೆಂಡರ್ ನೋಡುತ್ತಿದ್ದ ಆ ಗಂಡ ಅಲ್ಲಿಯೇ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಂನಿಂದ ನಡೆಯುವ ಮೆಷಿನ್ನಿನ, ಆಪರೇಟರ್ ಆಗಿದ್ದವನು. ಒಟ್ಟು ಹದಿನಾಲ್ಕು ಜನ ಕೆಲಸಗಾರರು, ವಾಹನದ ಬಿಡಿಭಾಗ ಮಾಡುವ ದೊಡ್ಡ ಕಾರ್ಖಾನೆಗಳಿಗೆ ಪಿನ್ನು, ಬುಷ್‌ಗಳ ಜಾಬ್ ವರ್ಕ್. ಸಿಸಿ ಖಾತೆ ಇರುವವರು ತಿಂಗಳು ತಿಂಗಳು ಕೈಯಲ್ಲಿರುವ ಮಾಲು, ಬಾಕಿಗಳ ಪಟ್ಟಿ, ಅಂದರೆ ಸ್ಟಾಕ್ ಸ್ಟೇಟ್‌ಮೆಂಟ್, ಕೊಡಬೇಕು. ಇದು ಕೊರೊನಾಗೂ ಹಿಂದಿನ ಮಾತು: 2019-20ರಲ್ಲಿ ದೇಶದಲ್ಲಿ ವಾಹನ ಮಾರಾಟ ಶೇ. 18ರಷ್ಟು ಬಿದ್ದಿತ್ತು. ಅವರ ಸ್ಟೇಟ್‌ಮೆಂಟಿನಲ್ಲಿ ತಯಾರಾದ ಮಾಲಿನ ಕಲಂ ತಿಂಗಳಿಂದ ತಿಂಗಳಿಗೆ ಉಬ್ಬುತ್ತಿತ್ತು. ಹೊಸದಾಗಿ ಸೇರಿದ ನಮ್ಮ ಆಫೀಸರ್ ಹುಡುಗ, 'ಸಾರ್, ಸ್ಟಾಕ್ ಜಾಸ್ತಿ ಆಗಿದೆ, ಲಿಮಿಟ್ ಜಾಸ್ತಿ ಮಾಡಬಹುದಲ್ವಾ?' ಎಂದ. ಮಾಲು ಗೋಡೌನಿನಲ್ಲಿ ಕೂತಿದೆ ಎಂದರೆ ಕೊಳ್ಳುವವನಿಲ್ಲ ಎಂದು ಅರ್ಥ, ಸಮೃದ್ಧಿ ಅಲ್ಲ ಎಂದು ಅವನಿಗೆ ಕೂರಿಸಿಕೊಂಡು ಹೇಳಬೇಕಾಯಿತು. ಪಕ್ಕದ ಕಲಂನಲ್ಲಿ ಬರಬೇಕಾದ ಬಾಕಿ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಇವರ ಬಿಲ್ಲುಗಳು ನೂರಿಪ್ಪತ್ತು ದಿನ ದಾಟಿದ್ದವು. ಕೇಳಿದರೆ ಮುಂದಿನ ಆರ್ಡರೂ ಹೋಗುತ್ತದೆಂಬ ಭಯ.

ಮಾಲೀಕರು ಮೊದಲು ಓಟಿ, ಅಂದರೆ ಹೆಚ್ಚುವರಿ ಗಂಟೆಯ ಕೆಲಸ, ನಿಲ್ಲಿಸಿದರು. ಆಮೇಲೆ ಐಟಿಐ ಮುಗಿಸಿ ಬಂದಿದ್ದ ಇಬ್ಬರು ಅಪ್ರೆಂಟಿಸ್ ಹುಡುಗರನ್ನು ಮನೆಗೆ ಕಳಿಸಿದರು. ಆಮೇಲೆ ರಾತ್ರಿ ಪಾಳಿ. ಲಾಕ್‌ಡೌನ್ ಮುಗಿಯುವ ಹೊತ್ತಿಗೆ ಹದಿನಾಲ್ಕರಲ್ಲಿ ಐದು ಜನ ಉಳಿದಿದ್ದರು. ಆ ಒಂಬತ್ತು ಸಂಬಳ ನಿಂತ ಪರಿಣಾಮ ವರ್ಕ್‌ಶಾಪಿನ ಗೇಟಿನೊಳಗೇ ಉಳಿಯಲಿಲ್ಲ. ಎದುರಿನ ಮೆಸ್ಸಿನ ಅಕ್ಕ ಊಟದ ಲೆಕ್ಕ ಇಳಿಸಿದರು, ದಿನಸಿ ಅಂಗಡಿಗೆ ಅಷ್ಟು ಅಕ್ಕಿ ಬೇಳೆಯ ವ್ಯಾಪಾರ ಹೋಯಿತು, ಅಂಗಡಿಯವರು ಮಗನಿಗೆ ಕೊಡಿಸಬೇಕೆಂದಿದ್ದ ಸ್ಕೂಟರ್ ಮುಂದಕ್ಕೆ ಹಾಕಿದರು. ಸ್ಕೂಟರ್ ಮಾರಾಟವಾಗದಿದ್ದರೆ ಪಿನ್ನು, ಬುಷ್ ಯಾರಿಗೆ ಬೇಕು? ಸುತ್ತಿ ಬಂದು ಪೆಟ್ಟು ಮತ್ತೆ ಅದೇ ವರ್ಕ್‌ಶಾಪಿನ ಬಾಗಿಲಿಗೆ ಬೀಳುತ್ತದೆ. ಒಬ್ಬರ ಖರ್ಚು ಇನ್ನೊಬ್ಬರ ಆದಾಯ ಅನ್ನುವುದು ಅರ್ಥಶಾಸ್ತ್ರದ ಮೊದಲ ಪಾಠ. ನಿರುದ್ಯೋಗ ಅದನ್ನು ತಿರುವುಮುರುವಾಗಿ ಕಲಿಸುತ್ತದೆ.

ಕೆಲಸ ಹೋದವರಷ್ಟೇ ಅಲ್ಲ, ಕೆಲಸ ಇದ್ದವರೂ ಕೈ ಬಿಗಿ ಮಾಡುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮಜ್ಜಿ ಹೇಳುತ್ತಿದ್ದುದು ಒಂದು ಮನೆಗೆ ಒಳ್ಳೆಯ ಬುದ್ಧಿ. ಆದರೆ ಊರಿಗೆ ಊರೇ ಒಂದೇ ಸಲ ಕಾಲು ಮಡಚಿಕೊಂಡರೆ ಹಾಸಿಗೆ ನೇಯುವವನು ಉಪವಾಸ ಬೀಳುತ್ತಾನೆ. 1930ರ ದಶಕದಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸ್ ಎತ್ತಿ ತೋರಿಸಿದ ವಿರೋಧಾಭಾಸ ಇದೇ: ಎಲ್ಲರೂ ಉಳಿಸಲು ಹೊರಟರೆ ಎಲ್ಲರ ಆದಾಯವೂ ಇಳಿದು, ಕೊನೆಗೆ ಒಟ್ಟು ಉಳಿತಾಯವೂ ಹೆಚ್ಚುವುದಿಲ್ಲ. ಆ ವರ್ಷ ನಮ್ಮ ಶಾಖೆಯಲ್ಲಿ ಒಂದು ಕಡೆ ಒಡವೆ ಸಾಲ ಏರುತ್ತಿತ್ತು, ಇನ್ನೊಂದು ಕಡೆ ನೌಕರಿ ಭದ್ರವಾಗಿದ್ದವರ ಠೇವಣಿಯೂ ಏರುತ್ತಿತ್ತು. ಎರಡೂ ಭಯದ ಲೆಕ್ಕವೇ.

ಬಡ್ಡಿ ಇಳಿಸಿದರೆ ಸಾಲ ತೆಗೆದು ಉದ್ಯಮ ನಡೆಸುತ್ತಾರಲ್ಲ ಎನ್ನಬಹುದು. 2020ರ ಮೇ ತಿಂಗಳಲ್ಲಿ ರೆಪೋ ದರ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಶೇ. 4ಕ್ಕೆ ಇಳಿಯಿತು. ನಾನೇ ವರ್ಕ್‌ಶಾಪಿನ ಮಾಲೀಕರಿಗೆ ಫೋನ್ ಮಾಡಿ ಬಡ್ಡಿ ಕಡಿಮೆಯಾಗಿದೆ ಎಂದೆ. 'ಬಡ್ಡಿ ಬಿಡಿ ಸಾರ್, ಆರ್ಡರ್ ಯಾರು ಕೊಡ್ತಾರೆ ಅದನ್ನ ಹೇಳಿ' ಎಂದರು. ಅವರನ್ನು ಆ ವರ್ಷ ಉಳಿಸಿದ್ದು ಕೇಂದ್ರ ಸರ್ಕಾರದ ಖಾತರಿಯ ಮೇಲೆ ಕೊಟ್ಟ ತುರ್ತು ಸಾಲ, ಮತ್ತು ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಿದ ಮೊರಟೋರಿಯಂ. ಉಳಿಸಿತು ಎಂದೆ, ಬೆಳೆಸಿತು ಎನ್ನಲಿಲ್ಲ.

ಸರ್ಕಾರದ ಖಜಾನೆಗೆ ಹೊಡೆತ ಎರಡು ಕಡೆಯಿಂದ. 2020ರ ಏಪ್ರಿಲ್‌ನಲ್ಲಿ ಜಿಎಸ್‌ಟಿ ಸಂಗ್ರಹವಾದದ್ದು 32,172 ಕೋಟಿ ರೂಪಾಯಿ. ಹಿಂದಿನ ಏಪ್ರಿಲ್‌ನಲ್ಲಿ ಅದು 1.13 ಲಕ್ಷ ಕೋಟಿ ದಾಟಿತ್ತು. ಬರುವುದು ಹೀಗೆ ಬತ್ತುವಾಗಲೇ ಪಡಿತರಕ್ಕೆ, ಉದ್ಯೋಗ ಖಾತ್ರಿಗೆ ಕೊಡುವುದು ಏರುತ್ತದೆ. ಆ ವರ್ಷ ಉದ್ಯೋಗ ಖಾತ್ರಿಯಲ್ಲಿ ಸುಮಾರು 389 ಕೋಟಿ ಮಾನವ ದಿನಗಳ ಕೆಲಸ ನಡೆಯಿತು. ಹಿಂದಿನ ವರ್ಷ 265 ಕೋಟಿ. ಕೇಂದ್ರದ ವಿತ್ತೀಯ ಕೊರತೆ, ಅಂದರೆ ಆದಾಯಕ್ಕೆ ಮೀರಿದ ಖರ್ಚು, ಜಿಡಿಪಿಯ ಶೇ. 3.5 ಎಂದು ಬಜೆಟ್ಟಿನಲ್ಲಿ ಬರೆದದ್ದು ಶೇ. 9.2ಕ್ಕೆ ಹೋಗಿ ನಿಂತಿತು. ಸರ್ಕಾರ ದುಂದು ಮಾಡಿತು ಎಂದು ಆಗ ಕೆಲವರು ಗೊಣಗಿದರು. ಎಲ್ಲರೂ ಖರ್ಚು ನಿಲ್ಲಿಸಿದ ವರ್ಷ ಸರ್ಕಾರವೂ ನಿಲ್ಲಿಸಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ಈ ವಿಷಯದಲ್ಲಿ ಮಂಡ್ಯಕ್ಕೆ ಒಂದು ಹಳೆಯ ಕಥೆಯಿದೆ. 1929ರಲ್ಲಿ ಶುರುವಾದ ಮಹಾಕುಸಿತ ಜಗತ್ತನ್ನೆಲ್ಲ ಹಿಡಿದಿತ್ತು. 1933ರ ವೇಳೆಗೆ ಅಮೆರಿಕದಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ನಮ್ಮಲ್ಲೂ ದವಸದ ಬೆಲೆ ನೆಲ ಕಚ್ಚಿತ್ತು. ಅದೇ ಹೊತ್ತಿನಲ್ಲಿ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸಂಸ್ಥಾನ ಕೃಷ್ಣರಾಜಸಾಗರದ ನೀರನ್ನು ಇರ್ವಿನ್ ನಾಲೆಯಲ್ಲಿ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಮಂಡ್ಯದ ಬಯಲಿಗೆ ಹರಿಸಿ, 1933ರಲ್ಲಿ ಮೈಶುಗರ್ ಸಕ್ಕರೆ ಕಂಪನಿಯನ್ನೂ ಕಟ್ಟಿತು. ಅದರ ಹಿಂದೆ ಪಟ್ಟು ಹಿಡಿದು ನಿಂತವರು ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ಕೇನ್ಸ್ ತನ್ನ ಸಿದ್ಧಾಂತವನ್ನು ಪೂರ್ತಿಯಾಗಿ ಮುಂದಿಟ್ಟದ್ದು 1936ರಲ್ಲಿ. ಮೈಸೂರಿನವರು ಹಿಂಜರಿತಕ್ಕೆ ಮದ್ದು ಎಂದೇ ಇದನ್ನು ಮಾಡಿದರು ಎಂದು ನಾನು ಎದೆ ತಟ್ಟಿ ಹೇಳುವುದಿಲ್ಲ. ನೀರು ಬಂದಿತ್ತು, ಕಬ್ಬು ಬೆಳೆಯಬಹುದಿತ್ತು, 1932ರಲ್ಲಿ ಸಕ್ಕರೆಗೆ ಆಮದು ಸುಂಕದ ರಕ್ಷಣೆಯೂ ಸಿಕ್ಕಿತ್ತು. ಆದರೆ ಖಾಸಗಿ ಹಣ ಹೆದರಿ ಕೂತಿದ್ದ ಕಾಲದಲ್ಲಿ ಸಂಸ್ಥಾನ ಹಣ ಹೂಡಿತು, ಮಂಡ್ಯದ ರೈತನ ಕೈಗೆ ನಗದು ಬಂತು. ಇಷ್ಟಂತೂ ನಿಜ.

ಹಾಗೆಂದು ಬಾಗಿಲು ಹಾಕಿದ ಕಾರ್ಖಾನೆಗಳನ್ನೆಲ್ಲ ಹಿಂಜರಿತದ ಲೆಕ್ಕಕ್ಕೆ ಬರೆಯಬಾರದು. ಮೈಸೂರಿನ ಯಾದವಗಿರಿಯ ಜಾವಾ ಮೋಟಾರ್ ಸೈಕಲ್ ಕಾರ್ಖಾನೆ 1996ರಲ್ಲಿ ನಿಂತಾಗ ದೇಶದ ಆರ್ಥಿಕತೆ ಚೆನ್ನಾಗಿಯೇ ಬೆಳೆಯುತ್ತಿತ್ತು. ಕಾಲ, ಎಂಜಿನ್ನು, ಕೊಳ್ಳುವವರ ರುಚಿ ಬದಲಾಗಿದ್ದವು. ಅಂಥ ಕೆಲಸ ಮತ್ತೆ ಬರುವುದಿಲ್ಲ, ಬೇರೆ ಕೆಲಸ ಕಲಿಯಬೇಕು. ಹಿಂಜರಿತದಲ್ಲಿ ಹೋದ ಕೆಲಸ ಮಾತ್ರ ಪೇಟೆ ಚೇತರಿಸಿದರೆ ಬರಬೇಕು. ಆದರೆ ತಡವಾಗಿ ಬರುತ್ತದೆ, ಮತ್ತು ಎಲ್ಲರಿಗೂ ಬರುವುದಿಲ್ಲ.

ತಡ ಯಾಕೆಂದರೆ, ಆರ್ಡರ್ ಮರಳಿದಾಗ ಮಾಲೀಕ ಮೊದಲು ಇರುವ ಐವರಿಗೇ ಓಟಿ ಕೊಡುತ್ತಾನೆ. ಹೊಸಬರನ್ನು ಕರೆಯುವುದು ಎರಡು ಮೂರು ತಿಂಗಳು ಧೈರ್ಯ ಬಂದ ಮೇಲೆ. ಅಮೆರಿಕದಲ್ಲಿ 2007ರ ಡಿಸೆಂಬರ್‌ನಲ್ಲಿ ಶುರುವಾದ ಹಿಂಜರಿತ 2009ರ ಜೂನ್‌ನಲ್ಲಿ ಮುಗಿಯಿತೆಂದು ಅಲ್ಲಿಯ ಅರ್ಥಶಾಸ್ತ್ರಜ್ಞರ ಸಮಿತಿ ತೀರ್ಮಾನಿಸಿತು. ನಿರುದ್ಯೋಗ ಶೇ. 10ರ ತುದಿ ಮುಟ್ಟಿದ್ದು ಅದಾಗಿ ನಾಲ್ಕು ತಿಂಗಳ ಮೇಲೆ, ಅಕ್ಟೋಬರ್‌ನಲ್ಲಿ. ಶೇ. 5ಕ್ಕೆ ಇಳಿಯಲು 2015ರ ಕೊನೆಯವರೆಗೆ ಕಾಯಬೇಕಾಯಿತು.

ಅವರಿಗೆ ನಿರುದ್ಯೋಗ ಅಂಕಿಯಲ್ಲಿ ಕಾಣುತ್ತದೆ. ಭತ್ಯೆಗೆ ಅರ್ಜಿ ಹಾಕಿಕೊಂಡು ಕೆಲಸ ಹುಡುಕುತ್ತಾ ಕೂರಲು ಅಲ್ಲಿ ಸಾಧ್ಯ. ನಮ್ಮ ಬಡವ ಸುಮ್ಮನೆ ಕೂರುವ ಹಾಗಿಲ್ಲ. ನಮ್ಮ ಸರ್ಕಾರಿ ಉದ್ಯೋಗ ಸಮೀಕ್ಷೆಯ ವಾರದ ಲೆಕ್ಕದಲ್ಲಿ ಏಳು ದಿನದಲ್ಲಿ ಒಂದು ಗಂಟೆ ದುಡಿದಿದ್ದರೂ ಉದ್ಯೋಗಿಯೇ. ಸಂಬಳವಿಲ್ಲದೆ ಮನೆಯ ಹೊಲದಲ್ಲಿ ಕೈ ಜೋಡಿಸಿದರೂ ಉದ್ಯೋಗಿಯೇ. ಹಾಗಾಗಿ ನಾನು ನಿರುದ್ಯೋಗದ ಶೇಕಡಾವಾರಿಗಿಂತ ಇನ್ನೊಂದು ಅಂಕಿಯನ್ನು ನೋಡುತ್ತೇನೆ. ದುಡಿಯುವವರಲ್ಲಿ ಕೃಷಿಯಲ್ಲಿರುವವರ ಪಾಲು 2018-19ರಲ್ಲಿ ಶೇ. 42.5 ಇದ್ದದ್ದು 2020-21ಕ್ಕೆ ಶೇ. 46.5 ಆಯಿತು. ಬೆಳೆಯುವ ದೇಶದಲ್ಲಿ ಇಳಿಯಬೇಕಾದ ಪಾಲು ಇದು. ಹೊಲ ದೊಡ್ಡದಾಗಿರಲಿಲ್ಲ. ಮೂವರು ಮಾಡುವ ಕೆಲಸಕ್ಕೆ ಐವರು ನಿಂತಿದ್ದರು.

ಆ ಐವರಲ್ಲಿ ಒಬ್ಬನನ್ನು ನಾನು ನೋಡಿದೆ. ನಮ್ಮ ಆಪರೇಟರ್ ಪಾಂಡವಪುರದ ಹತ್ತಿರದ ತನ್ನ ಊರಿಗೆ ವಾಪಸಾಗಿ ಅಣ್ಣನ ಆಲೆಮನೆ ಸೇರಿಕೊಂಡಿದ್ದ. ಬೇರೊಂದು ಸಾಲದ ತಪಾಸಣೆಗೆ ಆ ಕಡೆ ಹೋದವನು ನಿಂತೆ. ಗಾಣಕ್ಕೆ ಕಬ್ಬು ಕೊಡುತ್ತಿದ್ದವನು ಕೈ ಒರೆಸಿಕೊಂಡು ಬಂದ. ಕೆಲಸ ಸಿಕ್ಕಿತಾ ಎಂದು ಕೇಳಿದೆ.

'ಕೆಲ್ಸಕ್ಕೇನ್ ಬರ ಸಾ, ಬೆಳಿಗ್ಗಿಂದ ಸಂಜೆಗಂಟ ಕೆಲ್ಸನೇಯ. ಕಾಸು ಇಲ್ಲ ಅಷ್ಟೆ.'

ಸಮೀಕ್ಷೆಯವರು ಬಂದಿದ್ದರೆ ಅವನನ್ನು ಉದ್ಯೋಗಿ ಎಂದೇ ಬರೆದುಕೊಂಡು ಹೋಗುತ್ತಿದ್ದರು. ಮೈಕ್ರಾನ್ ಲೆಕ್ಕದಲ್ಲಿ ಕಬ್ಬಿಣ ಕೊರೆಯುತ್ತಿದ್ದ ಕೈ ಕೊಪ್ಪರಿಗೆಯ ಬೆಂಕಿಗೆ ಕಬ್ಬಿನ ಸಿಪ್ಪೆ ತಳ್ಳುತ್ತಿತ್ತು. ಬೆಲ್ಲ ಮಾಡುವುದು ಕೀಳು ಕೆಲಸ ಎಂದಲ್ಲ. ಪಾಕದ ಹದ ಹಿಡಿಯಲು ಆ ಅಣ್ಣನಿಗೆ ಇಪ್ಪತ್ತು ವರ್ಷ ಬೇಕಾಗಿತ್ತು. ತಮ್ಮನಿಗೆ ಆ ಹದ ಗೊತ್ತಿರಲಿಲ್ಲ, ಗೊತ್ತಿದ್ದ ವಿದ್ಯೆ ಅಲ್ಲಿ ಬೇಕಿರಲಿಲ್ಲ. ಹನ್ನೊಂದು ವರ್ಷದಲ್ಲಿ ಕಲಿತದ್ದು ಎರಡು ವರ್ಷದಲ್ಲಿ ತುಕ್ಕು ಹಿಡಿಯಿತು.

2021-22ರಲ್ಲಿ ದೇಶದ ಜಿಡಿಪಿ ಕೊರೊನಾ ಮುಂಚಿನ ಮಟ್ಟವನ್ನು ದಾಟಿತು. ವರ್ಕ್‌ಶಾಪಿನ ಮಾಲೀಕರು ಹೊಸ ಸಿಎನ್‌ಸಿ ಮೆಷಿನ್ನಿಗೆ ಸಾಲ ಕೇಳಿಕೊಂಡು ಬಂದರು. ಯಾರು ಓಡಿಸುತ್ತಾರೆ ಎಂದೆ. ಹಳೆಯ ಆಪರೇಟರನ್ನು ಕರೆಸಿದ್ದರಂತೆ. ಒಂದು ವಾರ ಬಂದ, ಹೊಸ ಪ್ರೋಗ್ರಾಂ ಕೈಗೆ ಹತ್ತಲಿಲ್ಲ, ಬಸ್ ಚಾರ್ಜು, ಬಾಡಿಗೆ ಎಲ್ಲ ಕಳೆದು ಉಳಿಯುವುದು ಕಡಿಮೆ ಎಂದು ಊರಿಗೇ ಹೋದ. ಈಗ ಇಬ್ಬರು ಹೊಸ ಹುಡುಗರು ಕಲಿಯುತ್ತಿದ್ದಾರೆ, ರಿಜೆಕ್ಷನ್, ಅಂದರೆ ಕೆಟ್ಟು ಬದಿಗಿಡುವ ಮಾಲು, ಜಾಸ್ತಿ ಎಂದು ಮಾಲೀಕರು ತಲೆ ಕೆರೆದುಕೊಂಡರು. ದೇಶದ ಲೆಕ್ಕದಲ್ಲಿ ಈ ನಷ್ಟಕ್ಕೆ ಕಲಂ ಇಲ್ಲ.

2022ರ ನವೆಂಬರ್‌ನಲ್ಲಿ, ನಾನು ನಿವೃತ್ತನಾಗುವ ವಾರ, ಗಂಡ ಹೆಂಡತಿ ಇಬ್ಬರೂ ಶಾಖೆಗೆ ಬಂದಿದ್ದರು. ಬೆಂಚು ಖಾಲಿಯಿತ್ತು, ಅಪ್ರೈಸರ್ ಹನ್ನೆರಡಕ್ಕೇ ಮನೆಗೆ ಹೋಗಿದ್ದರು. ಬಳೆ ಬಿಡಿಸಿಕೊಳ್ಳಲು ಬಂದಿರಬಹುದೆಂದು ಲೆಡ್ಜರ್ ತೆಗೆಸಿದೆ. ಬಡ್ಡಿಯಷ್ಟನ್ನು ಕಟ್ಟಿ, ಸಾಲವನ್ನು ಇನ್ನೊಂದು ವರ್ಷಕ್ಕೆ ನವೀಕರಿಸಿ ಹೋದರು.