ಆರ್‌ಸಿ ಸರ್ಕ್ಯೂಟ್: ಲೆಕ್ಕದಲ್ಲಿ 9 ವೋಲ್ಟ್, ಮೀಟರ್‌ನಲ್ಲಿ 7.9

ಲೆಕ್ಕದ ಉತ್ತರಕ್ಕೂ ಅಳತೆಗೂ ತಾಳೆಯಾಗದಿದ್ದರೆ ಲ್ಯಾಬ್ ರೆಕಾರ್ಡ್‌ನಲ್ಲಿ ನಾವೆಲ್ಲ ಬರೆಯುವುದು ಒಂದೇ ಮಾತು: "ಪ್ರಯೋಗದ ದೋಷ". ಡಿಪ್ಲೊಮಾ ಮುಗಿಯುವವರೆಗೂ ನಾನು ಹಾಗೇ ಬರೆದೆ. ಈ ಸಲ ಕಕ್ಕಡದ ಮಳೆಗೆ ಮಡಿಕೇರಿ ಹತ್ತಿರದ ನಮ್ಮ ಮನೆಯಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ. ಆಗ ಬ್ಯಾಟರಿ ಇಟ್ಟುಕೊಂಡು, ರೆಸಿಸ್ಟರ್ ಮೂಲಕ ಕೆಪಾಸಿಟರ್ ಚಾರ್ಜ್ ಆಗುವುದನ್ನು ಅಳೆಯುವ ಆರ್‌ಸಿ ಪ್ರಯೋಗವನ್ನು ನಿಧಾನವಾಗಿ ಮತ್ತೆ ಮಾಡಿದೆ. ಆ "ದೋಷ"ವನ್ನು ಒಂದೊಂದಾಗಿ ಬಿಡಿಸಬಹುದು ಎಂದು ಗೊತ್ತಾದದ್ದು ಆಗಲೇ.

ಸರ್ಕ್ಯೂಟ್ ತೀರಾ ಸರಳ. 9.00 ವೋಲ್ಟ್ ತೋರಿಸುವ ಬ್ಯಾಟರಿ, 1 ಮೆಗಾಓಮ್ ರೆಸಿಸ್ಟರ್, 47 ಮೈಕ್ರೋಫ್ಯಾರಡ್‌ನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಅದರ ಎರಡು ಕಾಲಿಗೆ ಡಿಜಿಟಲ್ ಮಲ್ಟಿಮೀಟರ್. ಸ್ವಿಚ್ ಹಾಕಿದ ಕ್ಷಣದಿಂದ ಮೊಬೈಲ್‌ನಲ್ಲಿ ಸ್ಟಾಪ್‌ವಾಚ್. ಬ್ಯಾಟರಿಯಿಂದ ಹರಿಯುವುದು ಹೆಚ್ಚೆಂದರೆ 9 ಮೈಕ್ರೋಆಂಪಿಯರ್, ಹಾಗಾಗಿ ಅದು ಕುಸಿಯುವ ಭಯವಿಲ್ಲ. ಎಲೆಕ್ಟ್ರೋಲಿಟಿಕ್‌ನ ಪ್ಲಸ್, ಮೈನಸ್ ಮಾತ್ರ ಅದಲುಬದಲಾಗಬಾರದು.

ಸೂತ್ರ ನಿಮಗೆ ಗೊತ್ತು. ವೋಲ್ಟೇಜ್ = 9 × (1 − ಇ^(−ಕಾಲ/ಟೌ)). ಇ ಎಂದರೆ 2.718 ಎಂಬ ಸ್ಥಿರಸಂಖ್ಯೆ. ಟೌ ಎಂದರೆ ಆರ್ (ರೆಸಿಸ್ಟರ್‌ನ ಬೆಲೆ) ಗುಣಿಸು ಸಿ (ಕೆಪಾಸಿಟರ್‌ನ ಬೆಲೆ). ಇಲ್ಲಿ 47 ಸೆಕೆಂಡ್. ಒಂದು ಟೌನಲ್ಲಿ ಕೊನೆಯ ವೋಲ್ಟೇಜಿನ 63.2%, ಎರಡರಲ್ಲಿ 86.5%, ಐದರಲ್ಲಿ 99.3%. ಆದ್ದರಿಂದ 47ನೇ ಸೆಕೆಂಡಿಗೆ 5.69 ವೋಲ್ಟ್ ಬರಬೇಕು, 94ಕ್ಕೆ 7.78, ನಾಲ್ಕು ನಿಮಿಷ ಕಳೆಯುವಷ್ಟರಲ್ಲಿ 9ರ ಹತ್ತಿರ.

ಬಂದದ್ದು 5.06, ಆಮೇಲೆ 6.88. ಎಷ್ಟು ಹೊತ್ತು ಕಾದರೂ ಮೀಟರ್ 7.90 ದಾಟಲಿಲ್ಲ.

ನಾನು ಮೊದಲು ಎಡವಿದ್ದು ಟೌ ಅಳೆಯುವಾಗ. 7.90ರ 63.2% ಅಂದರೆ 4.99 ವೋಲ್ಟ್; ಅದು ಬಂದದ್ದು 46ನೇ ಸೆಕೆಂಡಿಗೆ. ಲೆಕ್ಕದ ಟೌ 47, ಅಳೆದದ್ದು 46. "ಟೌ ಸರಿಯಿದೆ, ವೋಲ್ಟೇಜ್ ಮಾತ್ರ ಯಾಕೋ ಕಮ್ಮಿ" ಎಂದು ಪುಸ್ತಕ ಮುಚ್ಚುವವನಿದ್ದೆ. ನಿಜಕ್ಕೂ ಅಲ್ಲಿ ಎರಡು ತಪ್ಪುಗಳು ಎದುರುಬದುರಾಗಿ ನಿಂತು ಒಂದನ್ನೊಂದು ಮುಚ್ಚಿಹಾಕಿದ್ದವು.

ನಮ್ಮ ಕಡೆ ಗುಡ್ಡದ ಒರತೆಯಿಂದ ಪೈಪ್ ಎಳೆದು ಮನೆಯ ಡ್ರಮ್ಮಿಗೆ ನೀರು ಬಿಟ್ಟುಕೊಳ್ಳುತ್ತೇವಲ್ಲ, ಅದನ್ನು ನೆನೆಸಿಕೊಳ್ಳಿ. ಡ್ರಮ್ಮಿನ ಬುಡದಲ್ಲಿ ಸಣ್ಣ ತೂತಿದ್ದರೆ ನೀರು ಕಂಠದವರೆಗೆ ಬರುವುದೇ ಇಲ್ಲ. ಬರುವ ನೀರೂ ಸೋರುವ ನೀರೂ ಸಮವಾದಲ್ಲಿ ಮಟ್ಟ ನಿಂತುಬಿಡುತ್ತದೆ. ಆದರೆ ಡ್ರಮ್ ಖಾಲಿ ಇರುವಾಗ ತೂತಿನಿಂದ ಸೋರಲು ಏನೂ ಇರುವುದಿಲ್ಲ. ಶುರುವಿನಲ್ಲಿ ಮಟ್ಟ ಏರುವ ವೇಗವನ್ನು ತೀರ್ಮಾನಿಸುವುದು ಪೈಪ್ ಮತ್ತು ಡ್ರಮ್ಮಿನ ಅಗಲ ಮಾತ್ರ. ನಮ್ಮ ಸರ್ಕ್ಯೂಟಿನಲ್ಲಿ ಪೈಪ್ ಎಂದರೆ ರೆಸಿಸ್ಟರ್, ಡ್ರಮ್ ಎಂದರೆ ಕೆಪಾಸಿಟರ್. ಈ ಎರಡು ಮಾತನ್ನು ಹಿಡಿದುಕೊಂಡರೆ ಸಾಕು: ಗ್ರಾಫ್‌ನ ಕೊನೆ ಸೋರಿಕೆಯನ್ನು ಹೇಳುತ್ತದೆ, ಗ್ರಾಫ್‌ನ ಆರಂಭ ಕೆಪಾಸಿಟರ್‌ನ ನಿಜವಾದ ಬೆಲೆಯನ್ನು ಹೇಳುತ್ತದೆ.

ಮೊದಲು ಕೊನೆಯನ್ನು ನೋಡೋಣ. ಕೆಪಾಸಿಟರ್ ತೆಗೆದು, ಬ್ಯಾಟರಿ, ರೆಸಿಸ್ಟರ್, ಮೀಟರ್ ಮೂರನ್ನೇ ಸಾಲಾಗಿ ಜೋಡಿಸಿದೆ. 8.18 ವೋಲ್ಟ್ ಬಂತು. 9ನ್ನು 10 ಮತ್ತು 1ರ ಅನುಪಾತದಲ್ಲಿ ಹಂಚಿದರೆ ದೊಡ್ಡ ಪಾಲಿಗೆ ಬರುವುದೂ ಅಷ್ಟೇ. ಅಂದರೆ ನನ್ನ ಮೀಟರ್‌ನ ಒಳಗೆ 10 ಮೆಗಾಓಮ್ ಇದೆ. ಅಳೆಯುವ ಉಪಕರಣವೇ ಸರ್ಕ್ಯೂಟಿನ ಒಂದು ಭಾಗವಾಗಿ ಕೂತಿತ್ತು. ಕೆಪಾಸಿಟರ್ ಹಾಕಿದಾಗ 7.90 ಆದದ್ದಕ್ಕೆ ಕಾರಣ ಕೆಪಾಸಿಟರ್‌ನದೇ ಲೀಕೇಜ್. ಲೆಕ್ಕ ಹೀಗೆ: ರೆಸಿಸ್ಟರ್ ಮೇಲೆ 1.10 ವೋಲ್ಟ್ ಉಳಿದಿದೆ, ಅಂದರೆ 1.10 ಮೈಕ್ರೋಆಂಪಿಯರ್ ಬರುತ್ತಿದೆ. ಮೀಟರ್ ಕುಡಿಯುವುದು 0.79. ಮಿಕ್ಕ 0.31 ಕೆಪಾಸಿಟರ್‌ನೊಳಗೆ ಸೋರುತ್ತಿದೆ.

ಇನ್ನು ಆರಂಭ. ಸೊನ್ನೆ ಸೆಕೆಂಡಿನಲ್ಲಿ ಗೆರೆಯ ಇಳಿಜಾರು 9 ಭಾಗಿಸು ಆರ್‌ಸಿ. ಸೋರಿಕೆಗೆ ಅದರಲ್ಲಿ ಪಾಲಿಲ್ಲ. ಲೆಕ್ಕದಂತೆ ಸೆಕೆಂಡಿಗೆ 0.191 ವೋಲ್ಟ್ ಇರಬೇಕಿತ್ತು. ನನ್ನ ಅಂಕಿಗಳಿಂದ 7.90 ÷ 46, ಅಂದರೆ 0.172. ಅದಕ್ಕೆ ತಕ್ಕ ಕೆಪಾಸಿಟರ್ ಸುಮಾರು 52.4 ಮೈಕ್ರೋಫ್ಯಾರಡ್. ಎಲೆಕ್ಟ್ರೋಲಿಟಿಕ್‌ಗಳಿಗೆ 20% ಹೆಚ್ಚುಕಮ್ಮಿ ಸಾಮಾನ್ಯ, ಇದು 11% ಹೆಚ್ಚು, ಅಷ್ಟೇ. ಕೆಪಾಸಿಟರ್ ದೊಡ್ಡದಾದ್ದರಿಂದ ಟೌ ಹೆಚ್ಚಬೇಕಿತ್ತು. ಸೋರಿಕೆಯ ದಾರಿಗಳು ರೆಸಿಸ್ಟರ್‌ಗೆ ಪ್ಯಾರಲಲ್ ಆಗಿ ಕೂತು ಅದನ್ನು 0.88 ಮೆಗಾಓಮ್‌ಗೆ ಇಳಿಸಿದ್ದರಿಂದ ಟೌ ಕಮ್ಮಿಯಾಯಿತು. ಎರಡೂ ಸೇರಿ 46. ಈ ಲೆಕ್ಕ ಕೂಡಿಬಂದಾಗ ಆದ ಸಂತೋಷವನ್ನು ನಿಮಗೂ ತಲುಪಿಸಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಲಾಗರಿದಮ್ ಗ್ರಾಫ್ (ಕೊನೆಯ ವೋಲ್ಟೇಜಿನಿಂದ ಆಯಾ ಕ್ಷಣದ ವೋಲ್ಟೇಜ್ ಕಳೆದು, ಅದರ ಲಾಗರಿದಮ್ಮನ್ನು ಕಾಲಕ್ಕೆ ಎದುರಾಗಿ ಗುರುತಿಸುವುದು) ಎಳೆಯುವವರಿಗೆ ಒಂದು ಎಚ್ಚರಿಕೆ. ಕೊನೆಯ ವೋಲ್ಟೇಜ್ ಎಂದು 9 ಹಾಕಿದರೆ ಬಿಂದುಗಳು ನೇರ ಗೆರೆಯಲ್ಲಿ ನಿಲ್ಲುವುದಿಲ್ಲ, ಬಾಲದ ಕಡೆ ಬಾಗುತ್ತವೆ. 7.90 ಹಾಕಿ ನೋಡಿ, ನೇರವಾಗುತ್ತದೆ. ಬಾಗಿದ ಗೆರೆಗೆ ಸ್ಕೇಲ್ ಇಟ್ಟು ಬಲವಂತವಾಗಿ ನೇರ ಗೆರೆ ಎಳೆಯಬೇಡಿ. ಆ ಬಾಗುವಿಕೆಯಲ್ಲೇ ವಿಷಯವಿದೆ.

ಪ್ರತಿ ಸಲ ಶುರು ಮಾಡುವ ಮೊದಲು ಕೆಪಾಸಿಟರ್‌ನ ಕಾಲುಗಳನ್ನು ಒಂದು ರೆಸಿಸ್ಟರ್ ಮೂಲಕ ಜೋಡಿಸಿ ಕೆಲವು ನಿಮಿಷ ಬಿಡಿ. ಕ್ಷಣ ಮಾತ್ರ ಮುಟ್ಟಿಸಿ ತೆಗೆದರೆ ವೋಲ್ಟೇಜ್ ತಾನಾಗಿ ಸ್ವಲ್ಪ ಮೇಲೇರುತ್ತದೆ. ಒಳಗಿನ ಡೈಎಲೆಕ್ಟ್ರಿಕ್ (ಕರೆಂಟ್ ಹರಿಯಬಿಡದ ಪದರ) ಹಿಡಿದಿಟ್ಟ ಚಾರ್ಜ್ ತಡವಾಗಿ ಹೊರಬರುವುದರಿಂದ ಹೀಗೆ.

ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಸಿಕ್ಕವರಿಗೂ ಇದೇ ಕಥೆ, ಪಾತ್ರಗಳು ಬೇರೆ. 1 ಕಿಲೋಓಮ್, 0.1 ಮೈಕ್ರೋಫ್ಯಾರಡ್ ಹಾಕಿದರೆ ಟೌ 100 ಮೈಕ್ರೋಸೆಕೆಂಡ್. ಬ್ಯಾಟರಿಯ ಬದಲು ಸ್ಕ್ವೇರ್ ವೇವ್ (ಏರಿ ಇಳಿಯುವ ಚೌಕಾಕಾರದ ವೋಲ್ಟೇಜ್) ಕೊಡುವ ಫಂಕ್ಷನ್ ಜನರೇಟರ್‌ನ ಒಳಗಿನ 50 ಓಮ್ ಸೇರಿದರೆ 105. ಸ್ಕ್ವೇರ್ ವೇವ್ 500 ಹರ್ಟ್ಸ್‌ಗಿಂತ ಬಹಳ ಮೇಲೆ ಹೋದರೆ ಕೆಪಾಸಿಟರ್ ಪೂರ್ತಿ ತುಂಬುವ ಮೊದಲೇ ಇಳಿಯತೊಡಗುತ್ತದೆ.

ನನ್ನ ವಿವರಣೆ ಸರಿಯೋ ಎಂದು ಪರೀಕ್ಷಿಸಲು ರೆಸಿಸ್ಟರ್ ಮಾತ್ರ 100 ಕಿಲೋಓಮ್‌ಗೆ ಬದಲಿಸಿದೆ. ಸೋರಿಕೆ ಅಷ್ಟೇ ಇದ್ದರೆ ಕೊನೆಗೆ 8.88 ವೋಲ್ಟ್, ಟೌ 5.2 ಸೆಕೆಂಡ್ ಬರಬೇಕೆಂದು ಮೊದಲೇ ಬರೆದಿಟ್ಟೆ. ಕಣ್ಣಿಗೆ ಸಿಗದ ವೇಗವಾದ್ದರಿಂದ ಮೀಟರನ್ನೂ ಸ್ಟಾಪ್‌ವಾಚನ್ನೂ ಒಟ್ಟಿಗೆ ವಿಡಿಯೊ ಮಾಡಿ, ನಿಲ್ಲಿಸಿ ನಿಲ್ಲಿಸಿ ಓದಿದೆ. ಬಂದದ್ದು 8.87 ವೋಲ್ಟ್, 5.3 ಸೆಕೆಂಡ್.