ಒಂದೇ ಅಳತೆಯ ಹನಿಗಾಗಿ ಅರ್ಧ ಶತಮಾನ

ವಿಜಯಪುರದ ಯಾವುದಾದರೂ ಕೃಷಿ ಔಷಧಿ ಅಂಗಡಿಯಲ್ಲಿ 'ಲ್ಯಾಂಬ್ಡಾ ಸೈಹಲೋಥ್ರಿನ್ 4.9% ಸಿಎಸ್' ಅನ್ನುವ ಕೀಟನಾಶಕದ ಬಾಟಲಿ ಕೇಳಿ ನೋಡಿ. ಕೊನೆಯ ಎರಡು ಅಕ್ಷರಗಳತ್ತ ಹೆಚ್ಚಿನವರ ಗಮನ ಹೋಗುವುದಿಲ್ಲ. ಸಿಎಸ್ ಅಂದರೆ ಕ್ಯಾಪ್ಸೂಲ್ ಸಸ್ಪೆನ್ಶನ್. ಔಷಧ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಚಿಪ್ಪುಗಳ ಒಳಗಿರುತ್ತದೆ, ನಿಧಾನವಾಗಿ ಹೊರಬರುತ್ತದೆ. ಔಷಧ ಹೊಡೆಯುವವರ ಮೈಗೆ ತಾಗುವ ವಿಷವೂ ಕಡಿಮೆ. ನನ್ನ ಮಟ್ಟಿಗೆ ಅದೇ ದೊಡ್ಡ ಲಾಭ.

ಈ ವಿದ್ಯೆ ಶುರುವಾಗಿದ್ದು ಕಾಗದದಿಂದ. 1950ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯ ಬ್ಯಾರೆಟ್ ಗ್ರೀನ್ ಮತ್ತು ಲೊವೆಲ್ ಶ್ಲೈಕರ್, ಬಣ್ಣದ ರಾಸಾಯನಿಕ ಬೆರೆಸಿದ ಎಣ್ಣೆ ಹನಿಗಳಿಗೆ ಜೆಲಾಟಿನ್ ಮತ್ತು ಗೋಂದಿನ ಹೊದಿಕೆ ಹಾಕಿದರು. ಪೆನ್ ಒತ್ತಿದರೆ ಹೊದಿಕೆ ಒಡೆದು ಕೆಳಗಿನ ಹಾಳೆಯಲ್ಲಿ ಅಕ್ಷರ ಮೂಡುತ್ತದೆ. ಕಾರ್ಬನ್ ಇಡದೆ ನಕಲು ಮೂಡುವ ಬಿಲ್ ಪುಸ್ತಕ ಬಂದದ್ದು ಹೀಗೆ.

ಹನಿ ಮಾಡುವ ರೀತಿ ಮಾತ್ರ ಮೊಸರು ಕಡೆದಂತೆಯೇ ಇತ್ತು. ಎಣ್ಣೆ, ನೀರು ಹಾಕಿ ಜೋರಾಗಿ ಕಲಕುವುದು. ದೊಡ್ಡ ಹನಿ, ಸಣ್ಣ ಹನಿ ಎಲ್ಲ ಒಟ್ಟಿಗೆ. ಕಾಗದಕ್ಕೆ ಅದು ನಡೆಯುತ್ತದೆ, ವಿಷಕ್ಕೆ ನಡೆಯಲ್ಲ. 1970ರ ದಶಕದಲ್ಲಿ ಮೀಥೈಲ್ ಪ್ಯಾರಾಥಿಯಾನ್ ಅನ್ನುವ ಕೀಟನಾಶಕ ತುಂಬಿದ ಕ್ಯಾಪ್ಸೂಲ್‌ಗಳು ಅಮೆರಿಕದ ಹೊಲಗಳಿಗೆ ಬಂದವು. ಅವುಗಳ ಗಾತ್ರ ಹೂವಿನ ಪರಾಗದಷ್ಟೇ ಇತ್ತು. ಜೇನ್ನೊಣಗಳು ಪರಾಗದ ಜೊತೆಗೆ ಅದನ್ನೂ ಗೂಡಿಗೆ ಹೊತ್ತವು. ಗೂಡುಗಳೇ ಸತ್ತವು. ಗಾತ್ರ ಎಷ್ಟು ಮುಖ್ಯ ಅನ್ನುವುದಕ್ಕೆ ಇದಕ್ಕಿಂತ ಕಹಿ ಪಾಠ ಬೇಕಾ?

ಒಂದೇ ಗಾತ್ರದ ಹನಿ ಮಾಡುವ ದಾರಿ ಸಿಕ್ಕಿದ್ದು ಮೈಕ್ರೋಫ್ಲೂಯಿಡಿಕ್ಸ್‌ನಿಂದ, ಅಂದರೆ ಕೂದಲೆಳೆಯಷ್ಟು ಸಣ್ಣ ಕಾಲುವೆಗಳಲ್ಲಿ ದ್ರವ ಹರಿಸುವ ವಿದ್ಯೆಯಿಂದ. 2005ರಲ್ಲಿ ಹಾರ್ವರ್ಡ್‌ನ ಡೇವಿಡ್ ವೈಟ್ಜ್ ತಂಡ ಗಾಜಿನ ಕೊಳವೆಗಳಲ್ಲಿ ಇದನ್ನು ಮಾಡಿ ತೋರಿಸಿತು. ಚೌಕದ ಕೊಳವೆಯೊಳಗೆ ಚೂಪು ತುದಿಯ ಎರಡು ದುಂಡು ಕೊಳವೆಗಳು ಎದುರುಬದುರು. ಒಂದರಿಂದ ಒಳಗಿನ ದ್ರವ ಬರುತ್ತದೆ. ಅದರ ಸುತ್ತ ಚಿಪ್ಪಾಗಬೇಕಾದ ದ್ರವ, ಅದರಾಚೆ ಇವೆರಡನ್ನೂ ಹಿಂಡುವ ಮೂರನೆಯ ದ್ರವ. ಮೂರೂ ಸೇರಿ ಎದುರಿನ ಕೊಳವೆಯ ಕಿರುಬಾಯಿಗೆ ನುಗ್ಗುವಾಗ ಹನಿಯೊಳಗೆ ಹನಿ ಕಟ್ಟಿಕೊಂಡು ಒಂದೊಂದಾಗಿ ಉದುರುತ್ತದೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಗಾತ್ರ. ಹರಿವಿನ ವೇಗ ಬದಲಿಸಿದರೆ ಚಿಪ್ಪಿನ ದಪ್ಪವೂ ಬದಲಾಗುತ್ತದೆ. ಆಮೇಲೆ ಹೊರಪದರವನ್ನು ಬೆಳಕು ಹಾಯಿಸಿಯೋ ದ್ರಾವಕ ಆರಿಸಿಯೋ ಗಟ್ಟಿ ಮಾಡುತ್ತಾರೆ. ಬಿಸಿಗೆ, ಆಮ್ಲಕ್ಕೆ, ಒತ್ತಡಕ್ಕೆ, ಯಾವುದಕ್ಕೆ ಒಡೆಯಬೇಕೋ ಅಂಥ ಚಿಪ್ಪು ಮಾಡಬಹುದು.

ಹಾಗಿದ್ದರೆ ಈ ಒಂದೇ ಅಳತೆಯ ಹನಿ ನಮ್ಮ ಹೊಲಕ್ಕೆ ಯಾಕೆ ಬಂದಿಲ್ಲ? ಇಂಥ ಒಂದು ಸಾಧನದಿಂದ ಗಂಟೆಗೆ ಸಿಗುವುದು ಕೆಲವೇ ಮಿಲಿಲೀಟರ್. ಹೊಲಕ್ಕೆ ಬೇಕಾದದ್ದು ಟನ್‌ಗಟ್ಟಲೆ. ಒಂದೇ ಸಣ್ಣ ಬಿಲ್ಲೆಯಲ್ಲಿ ನೂರಾರು ಕಾಲುವೆ ಕೊರೆಯುತ್ತಿದ್ದಾರೆ, ಆದರೆ ಒಂದು ಕಟ್ಟಿಕೊಂಡರೂ ಉಳಿದವುಗಳ ಹರಿವು ಏರುಪೇರಾಗುತ್ತದೆ. ಹಾಗಾಗಿ ಮನುಷ್ಯರ ದುಬಾರಿ ಔಷಧಿ, ಸೌಂದರ್ಯ ಸಾಮಗ್ರಿಗಳ ಕಡೆಗೇ ಜಾಸ್ತಿ ಗಮನ.

ಚಿಪ್ಪಿನದೂ ಒಂದು ತಕರಾರಿದೆ. ಔಷಧ ಖಾಲಿಯಾದ ಮೇಲೂ ಪ್ಲಾಸ್ಟಿಕ್ ಮಣ್ಣಿನಲ್ಲೇ ಉಳಿಯುತ್ತದೆ ಅಲ್ವಾ? ಬೇಕೆಂದೇ ಬೆರೆಸುವ ಮೈಕ್ರೋಪ್ಲಾಸ್ಟಿಕ್‌ಗೆ ಯುರೋಪಿಯನ್ ಒಕ್ಕೂಟ 2023ರಲ್ಲಿ ಕಡಿವಾಣ ಹಾಕಿತು. ಬೆಳೆಗೆ ಹೊಡೆಯುವ ಔಷಧಗಳಿಗೆ 2031ರವರೆಗೆ ಕಾಲಾವಕಾಶ ಕೊಟ್ಟಿದೆ. ಅಷ್ಟರೊಳಗೆ ಮಣ್ಣಲ್ಲಿ ಕರಗುವ ಚಿಪ್ಪು ಸಿದ್ಧವಾಗಬೇಕು.