ಕಾಳಿನ ದರ, ಅಕ್ಕಿಯ ದರ

ಪ್ರತಿ ವರ್ಷ ದೀಪಾವಳಿಯ ಆಸುಪಾಸಿನಲ್ಲಿ ಒಂದೇ ಲೆಕ್ಕ ಬೇರೆ ಬೇರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹುಟ್ಟುತ್ತದೆ. ರೈತರು ನವಣೆ ಮಾರುವುದು ಕಿಲೋಗೆ 40 ರೂಪಾಯಿಗೆ, ಅಂಗಡಿಯಲ್ಲಿ ಅದೇ ನವಣೆ 110. ನಡುವಿನ 70 ದಲ್ಲಾಳಿಯ ಹೊಟ್ಟೆಗೆ. ಹಾಗಾಗಿ ನಮ್ಮ ಅಪಾರ್ಟ್‌ಮೆಂಟಿನವರು ರೈತರಿಂದ ನೇರವಾಗಿ 60 ರೂಪಾಯಿಗೆ ಕೊಳ್ಳುತ್ತೇವೆ. ಅವರಿಗೆ 20 ಹೆಚ್ಚು, ನಮಗೆ 50 ಉಳಿತಾಯ.

ಬರೆದವರ ಮನಸ್ಸು ಚಿನ್ನದಂಥದ್ದು, ಆದರೆ ಲೆಕ್ಕ ತಪ್ಪು. ರೈತರು ಮಾರುವುದು ಸಿಪ್ಪೆ ಇರುವ ನವಣೆ ಕಾಳು. ಅಂಗಡಿಯಲ್ಲಿರುವುದು ಸಿಪ್ಪೆ ಸುಲಿದ ನವಣೆ ಅಕ್ಕಿ.

ಭತ್ತದ ವಿಷಯದಲ್ಲಿ ಯಾರೂ ಈ ತಪ್ಪು ಮಾಡುವುದಿಲ್ಲ. ಗದ್ದೆಯಲ್ಲಿದ್ದರೆ ಭತ್ತ, ಚೀಲದಲ್ಲಿದ್ದರೆ ಅಕ್ಕಿ ಎಂದು ಭಾಷೆಯೇ ಬೇರೆ ಮಾಡಿ ಇಟ್ಟಿದೆ. ರಾಗಿಗೆ ಸಿಪ್ಪೆ ಬಿಡಿಸುವ ಗೋಜಿಲ್ಲ, ಹಸನು ಮಾಡಿ ಬೀಸಿದರೆ ಮುಗಿಯಿತು. ನವಣೆ, ಸಾಮೆ, ಹಾರಕ, ಊದಲು, ಬರಗು, ಕೊರಲೆ ಎಂಬ ಸಿರಿಧಾನ್ಯಗಳಿಗೆ ಮಾತ್ರ ಹೊಲದಲ್ಲೂ ಅದೇ ಹೆಸರು, ತಟ್ಟೆಯಲ್ಲೂ ಅದೇ ಹೆಸರು. ಪೇಟೆಯವರು ಮೋಸಹೋಗುವುದು ಅಲ್ಲೇ. ಅದಕ್ಕೇ ನೇರವಾಗಿ ಕೊಳ್ಳಲು ಕಟ್ಟಿದ ಗುಂಪಿನ ಮೊದಲ ಸಭೆಯಿಂದಲೇ ಬರೀ ‘ನವಣೆ’ ಎಂಬ ಮಾತನ್ನು ನಿಷೇಧಿಸಿ. ‘ಕಾಳು’ ಅನ್ನಿ, ಇಲ್ಲವೇ ‘ಅಕ್ಕಿ’ ಅನ್ನಿ. ಅರ್ಧ ಜಗಳ ಅಷ್ಟಕ್ಕೇ ನಿಲ್ಲುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ಬಾಡಿಗೆ, ಕೂಲಿ ಹಾಕಿ ಮತ್ತೆ ಮಾಡಿಕೊಳ್ಳಿ. 100 ಕಿಲೋ ನವಣೆ ಕಾಳಿಗೆ ರೈತರಿಗೆ 4,000 ರೂಪಾಯಿ. ಚೀಲ, ಹಮಾಲಿ 50. ಹೊಲದಿಂದ ಮಿಲ್ಲಿಗೆ, ಮಿಲ್ಲಿನಿಂದ ಪೇಟೆಗೆ ಸಾಗಣೆ 350. ಮಿಲ್ ಕೂಲಿ ಕಿಲೋಗೆ 6ರಂತೆ 600. ಒಟ್ಟು 5,000. ಮಿಲ್ಲಿನಲ್ಲಿ ಮಣ್ಣು, ಕಡ್ಡಿ, ಜೊಳ್ಳು ತೆಗೆದಾಗ 94 ಕಿಲೋ ಉಳಿಯಿತು ಎನ್ನಿ. ಅದನ್ನು ಸುಲಿದರೆ 62 ಕಿಲೋ ಅಕ್ಕಿ, 4 ಕಿಲೋ ನುಚ್ಚು. ಮಿಕ್ಕದ್ದು ಹೊಟ್ಟು, ತೌಡು. ಅದು ಸಾಮಾನ್ಯವಾಗಿ ಮಿಲ್ಲಿನಲ್ಲೇ ಉಳಿಯುತ್ತದೆ. ನುಚ್ಚು ಮಾರಿ 120 ಬಂದರೆ ಉಳಿದ 4,880 ರೂಪಾಯಿಯನ್ನು 62 ಕಿಲೋ ಅಕ್ಕಿಯೇ ಹೊರಬೇಕು. ಕಿಲೋಗೆ 79ರ ಹತ್ತಿರ. ಚೀಲ ಬಿಚ್ಚಿ, ತೂಗಿ, ಪೊಟ್ಟಣ ಕಟ್ಟಲು 4 ರೂಪಾಯಿ. ಆರ್ಡರ್ ಬರೆದು, ಹಣ ವಸೂಲಿ ಮಾಡಿ, ಮೂರನೇ ಮಹಡಿಯವರ ಪೊಟ್ಟಣ ಆರನೇ ಮಹಡಿಗೆ ಹೋದರೆ ವಾಪಸ್ ತರುವವರಿಗೆ 5. ಚೆಲ್ಲಿದ್ದು, ಹುಳ ಬಿದ್ದದ್ದು, ಬಾಕಿ ಉಳಿದದ್ದು ಎಂದು ಶೇ. 3 ಸೇರಿಸಿದರೆ ಕಿಲೋಗೆ 90 ರೂಪಾಯಿ ಆಯಿತು. ಇನ್ನೂ ಯಾರೂ ಒಂದು ಪೈಸೆ ಲಾಭ ಮಾಡಿಲ್ಲ.

60 ರೂಪಾಯಿ ಅಂದಿದ್ದಿರಲ್ಲ? ಆ ಬೆಲೆಗೆ ಕೊಟ್ಟರೆ ಪ್ರತಿ ಕಿಲೋಗೆ 30 ರೂಪಾಯಿ ಯಾರದೋ ಕೈ ಬಿಡುತ್ತದೆ. ಸಾಮಾನ್ಯವಾಗಿ ರೈತ ಸಂಘದ ಕಾರ್ಯದರ್ಶಿಯದ್ದು, ಮೊದಲ ವರ್ಷ ಸಂಕೋಚಕ್ಕೆ ಸುಮ್ಮನಿದ್ದು ಎರಡನೇ ವರ್ಷ ಫೋನ್ ಎತ್ತದವರದ್ದು.

ಇನ್ನೊಂದು ಖರ್ಚು ಮೇಲಿನ ಲೆಕ್ಕದಲ್ಲಿ ಇಲ್ಲ: ಬಡ್ಡಿ. ಕಾಳನ್ನು ಸುಗ್ಗಿಯಲ್ಲೇ ಕೊಂಡು ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ಅಕ್ಕಿ ಮಾಡಿಸುವುದಾದರೆ ಹಣ ಸರಾಸರಿ ಆರು ತಿಂಗಳು ಸಿಕ್ಕಿಕೊಂಡಿರುತ್ತದೆ. 4,000ಕ್ಕೆ ವರ್ಷಕ್ಕೆ ಶೇ. 12ರಂತೆ 240 ರೂಪಾಯಿ, ಅಂದರೆ ಅಕ್ಕಿಗೆ ಕಿಲೋಗೆ ಸುಮಾರು 4. ನೀವು ಸುಗ್ಗಿಯಲ್ಲೇ ದುಡ್ಡು ಕೊಡದೆ ‘ಮಾರಿದ ಮೇಲೆ ಕೊಡುತ್ತೇವೆ’ ಎಂದರೆ ಈ ನಾಲ್ಕು ರೂಪಾಯಿ ಮಾಯವಾಗುವುದಿಲ್ಲ, ರೈತರ ತಲೆಗೆ ಹೋಗುತ್ತದೆ. ಅವರಿಗೆ ಶೇ. 12ಕ್ಕೆ ಸಾಲ ಕೊಡುವವರೂ ಕಡಿಮೆ.

ಹಾಗಾದರೆ ದಲ್ಲಾಳಿ ಸಾಧುವೇ? ಹಾಗೇನಿಲ್ಲ. ತೂಕದಲ್ಲಿ, ತೇವದ ಹೆಸರಿನಲ್ಲಿ ಕಡಿತ ಮಾಡುವವರು ಬೇಕಾದಷ್ಟಿದ್ದಾರೆ. ಆದರೆ ಅವರನ್ನು ತೆಗೆದರೂ ಅವರ ಕೆಲಸ ಉಳಿಯುತ್ತದೆ, ಅದನ್ನು ಕೂಲಿ ಕೊಟ್ಟು ಮಾಡಿಸಬೇಕು. ಅಂಗಡಿಯ 110 ಮತ್ತು ಬಡ್ಡಿ ಸೇರಿ ಆದ 94ರ ನಡುವಿನ 16 ರೂಪಾಯಿಯೇ ನಿಮ್ಮ ಕೈಯಲ್ಲಿರುವ ಜಾಗ. ಅದನ್ನು ಹಂಚುವಾಗ ಲೆಕ್ಕವನ್ನು ಅಕ್ಕಿಯಿಂದ ಕಾಳಿನ ಕಡೆಗೆ ಹಿಮ್ಮುಖವಾಗಿ ಮಾಡಿ. ಅಕ್ಕಿಗೆ 10 ರೂಪಾಯಿ ಹೆಚ್ಚು ಕೊಟ್ಟರೆ 62 ಕಿಲೋಗೆ 620. ಅದು ರೈತರಿಗೆ ಮುಟ್ಟುವಾಗ ಕಾಳಿಗೆ ಕಿಲೋಗೆ 6 ರೂಪಾಯಿ 20 ಪೈಸೆ. ಹತ್ತಕ್ಕೆ ಹತ್ತೂ ಮುಟ್ಟುತ್ತದೆ ಎಂದು ಪೋಸ್ಟರಿನಲ್ಲಿ ಬರೆಯಬೇಡಿ.

62 ಎಂಬ ಅಂಕಿಯನ್ನೂ ವೇದವಾಕ್ಯ ಮಾಡಿಕೊಳ್ಳಬೇಡಿ. ಹಾರಕ ಇನ್ನೂ ಕಡಿಮೆ ಬೀಳುತ್ತದೆ. ಅದರ ಸಿಪ್ಪೆ ಗಟ್ಟಿ, ಒಂದೇ ಸಲಕ್ಕೆ ಬಿಡುವುದಿಲ್ಲ. ಒಂದೇ ಮಿಲ್ಲಿನಲ್ಲಿ ಒಂದೇ ಊರಿನ ಸಾಮೆ ಎರಡು ವರ್ಷ ಎರಡು ಬಗೆಯಾಗಿ ಬರಬಹುದು. ಇದರಲ್ಲಿ ತೇವಾಂಶದ ಪಾಲು ದೊಡ್ಡದು. ಕಾಳು ಹಸಿಯಿದ್ದರೆ ಸಿಪ್ಪೆ ಅಂಟಿಕೊಂಡು ಸುಲಿಯದ ಕಾಳು ಅಕ್ಕಿಯಲ್ಲಿ ಬೆರೆಯುತ್ತದೆ, ತೀರಾ ಒಣಗಿದ್ದರೆ ನುಚ್ಚು ಜಾಸ್ತಿ. ಶೇ. 10ರಿಂದ 12ರೊಳಗೆ ಇದ್ದರೆ ನೆಮ್ಮದಿ. ಮೀಟರ್ ಇಲ್ಲದಿದ್ದರೆ ಒಣಗಿದ ಗಾಜಿನ ಬಾಟಲಿಗೆ ಒಣ ಉಪ್ಪು, ಒಂದು ಹಿಡಿ ಕಾಳು ಹಾಕಿ, ಚೆನ್ನಾಗಿ ಅಲುಗಾಡಿಸಿ ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ. 15ಕ್ಕಿಂತ ಹೆಚ್ಚು, ಚೀಲ ಕಟ್ಟಲೇಬೇಡಿ. ಅಂಟದಿದ್ದರೆ 12ಕ್ಕೆ ಇಳಿದಿದೆ ಎಂದಲ್ಲ. ದೊಡ್ಡ ಲೋಡಿಗೆ ಮೀಟರೇ ಬೇಕು.

ಕಲ್ಲಿನ ದೂರು ಇನ್ನೊಂದು. ಕಾಳಿನಷ್ಟೇ ದಪ್ಪದ ಕಲ್ಲು ಜರಡಿಯಲ್ಲಿ ನಿಲ್ಲುವುದಿಲ್ಲ. ಗಾಳಿ ಮತ್ತು ಅಲುಗಾಟದಿಂದ ಭಾರ ನೋಡಿ ಬೇರ್ಪಡಿಸುವ ಕಲ್ಲು ತೆಗೆಯುವ ಯಂತ್ರವೇ ಬೇಕು. ಸುಲಿಯುವ ಮುಂಚೆ ದಪ್ಪ ಕಾಳು, ಸಣ್ಣ ಕಾಳು ಬೇರೆ ಮಾಡುವ ಜರಡಿಯೂ ಇರಬೇಕು. ಬೆರೆಸಿ ಹಾಕಿದರೆ ದಪ್ಪದ್ದು ನುಚ್ಚಾಗುತ್ತದೆ, ಸಣ್ಣದು ಸಿಪ್ಪೆ ಸಮೇತ ಹೊರಬರುತ್ತದೆ. ಆದರೆ ಕಲ್ಲಿನ ಮೂಲ ಡಾಂಬರು ರಸ್ತೆಯ ಮೇಲಿನ ಒಕ್ಕಣೆ. ಟಾರ್ಪಾಲಿನ ಮೇಲೆ ಒಕ್ಕಿದ ಕಾಳಿಗೆ ಕಿಲೋಗೆ ಒಂದು ರೂಪಾಯಿ ಹೆಚ್ಚು ಎಂದು ಬಿತ್ತನೆಗೆ ಮುಂಚೆಯೇ ಹೇಳಿ. ಅಕ್ಕಿ ಬಂದಮೇಲೆ ಫೋಟೊ ಕಳಿಸಿ ಗದರುವುದಕ್ಕಿಂತ ಅಗ್ಗ.

ಬಿತ್ತನೆಗೆ ಮುಂಚೆ ಎಂದೆ. ರಾಗಿ, ಜೋಳ, ಸಜ್ಜೆಗೆ ಕೇಂದ್ರದ ಬೆಂಬಲ ಬೆಲೆ ಇದೆ. 2024-25ರ ಸಾಲಿಗೆ ರಾಗಿಗೆ ಕ್ವಿಂಟಲ್‌ಗೆ 4,290 ರೂಪಾಯಿ ಇತ್ತು. ನವಣೆ, ಸಾಮೆ, ಹಾರಕ, ಕೊರಲೆಗಳು ಆ ಪಟ್ಟಿಯಲ್ಲಿ ಇಲ್ಲ. ಹಿಡಿದು ನಿಲ್ಲಿಸುವ ದರವೇ ಇಲ್ಲದ ಬೆಳೆಗೆ ಸುಗ್ಗಿಯಲ್ಲಿ ದರ ಮಾತಾಡಿದರೆ ರೈತರು ಸೋತೇ ಕೂತಿರುತ್ತಾರೆ. ಜೂನ್‌ಗೆ ಮುಂಚೆ ಕನಿಷ್ಠ ದರ ಬರೆದು, ಮೂರರಲ್ಲಿ ಒಂದು ಪಾಲು ಮುಂಗಡ ಕೊಡಿ. ಮಳೆ ಕೈಕೊಟ್ಟರೆ ಮುಂಗಡದ ಗತಿ ಏನು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ.

ಪಾಲಿಶ್ ಬೇಡ ಎನ್ನುವವರಿಗೆ ಒಂದು ಮಾತು. ಸರಿ, ಬೇಡ. ಆದರೆ ಪಾಲಿಶ್ ಮಾಡದ ಅಕ್ಕಿಯ ಮೇಲೆ ಉಳಿಯುವ ತೌಡಿನಲ್ಲಿ ಎಣ್ಣೆಯಂಶ ಇದೆ, ಎರಡು ಮೂರು ತಿಂಗಳಿಗೆ ಅಕ್ಕಿ ಕಮಟು ವಾಸನೆ ಹಿಡಿಯುತ್ತದೆ. ಸಿಪ್ಪೆ ಇರುವ ಕಾಳು, ಒಣಗಿದ್ದರೆ, ವರ್ಷ ಕಳೆದರೂ ಜಗ್ಗುವುದಿಲ್ಲ. ಆದ್ದರಿಂದ ದಾಸ್ತಾನು ಕಾಳಿನಲ್ಲಿರಲಿ, ಮಿಲ್ಲಿಗೆ ಎರಡು ತಿಂಗಳ ಪಾಲು ಮಾತ್ರ ಹೋಗಲಿ. ಆರು ಬಗೆಯ ಧಾನ್ಯವನ್ನು ಒಂದೊಂದು ಕಿಲೋ ತರಿಸುವ ಉತ್ಸಾಹವನ್ನೂ ಸ್ವಲ್ಪ ತಡೆಯಿರಿ. ಧಾನ್ಯ ಬದಲಾದಾಗಲೆಲ್ಲ ಯಂತ್ರ ಖಾಲಿ ಮಾಡಿ ಒರೆಸಬೇಕು, 20 ಕಿಲೋಗೆ ಯಾವ ಮಿಲ್ಲಿನವರೂ ನಗುನಗುತ್ತಾ ಆ ಕೆಲಸ ಮಾಡುವುದಿಲ್ಲ. ಎರಡು ಬಗೆ ಸಾಕು, ನಿಮ್ಮ ಜಿಲ್ಲೆಯ ಹತ್ತಿರ ಬೆಳೆಯುವಂಥವು. ತುಮಕೂರಿನ ಕಡೆಯವರಿಗೆ ಕೊರಲೆ, ಗದಗ-ಕೊಪ್ಪಳದವರಿಗೆ ನವಣೆ. ಕೊಯ್ಲಿಗೆ ಮಳೆ ಬಿದ್ದ ಹಾರಕ ಮಾತ್ರ ಎಷ್ಟೇ ಅಗ್ಗವಾದರೂ ಬೇಡ. ಬೂಷ್ಟು ಹಿಡಿದ ಹಾರಕ ಅಮಲೇರಿಸುತ್ತದೆ ಎಂಬುದು ಅಜ್ಜಿಕಥೆಯಲ್ಲ. 2024ರಲ್ಲಿ ಮಧ್ಯಪ್ರದೇಶದ ಬಾಂಧವಗಢದಲ್ಲಿ 10 ಆನೆಗಳು ಸತ್ತಾಗ ಪರೀಕ್ಷೆಯಲ್ಲಿ ಸಿಕ್ಕಿದ್ದು ಹಾರಕದ ಬೂಷ್ಟಿಗೆ ಸಂಬಂಧಿಸಿದ ವಿಷವೇ.

ಇಷ್ಟರಲ್ಲಿ ಪೇಟೆಯ ತಟ್ಟೆಯ ಮಾತೇ ಆಯಿತು. ಬೆಳೆದ ಊರು ಏನು ತಿನ್ನುತ್ತದೆ? ಹಲವು ಕಡೆ, ರೇಷನ್ ಅಕ್ಕಿ. ಒನಕೆ ಹಿಡಿದು ಸಾಮೆ ಕುಟ್ಟುವ ಕೆಲಸ ಹೆಂಗಸರ ತೋಳಿನದಾಗಿತ್ತು. ಬಿಳಿ ಅಕ್ಕಿ ಸಿಕ್ಕಾಗ ಅವರು ಕುಟ್ಟುವುದನ್ನು ಬಿಟ್ಟರೆ ಅದನ್ನು ಅಜ್ಞಾನ ಎನ್ನಲು ನಮಗೆ ಹಕ್ಕಿಲ್ಲ. ತೆಲಂಗಾಣದ ಹಳೆ ಮೇದಕ್ ಜಿಲ್ಲೆಯ ಜಹೀರಾಬಾದ್ ಸುತ್ತ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯ ಮಹಿಳಾ ಸಂಘಗಳು 1990ರ ದಶಕದಲ್ಲಿ ಬೇರೆ ದಾರಿ ಹಿಡಿದವು. ಬೀಳುಬಿದ್ದ ಹೊಲಗಳನ್ನು ಉತ್ತು ಬಿತ್ತಲು ಸಾಲ ಕೊಟ್ಟು, ಅದನ್ನು ಜೋಳದ ರೂಪದಲ್ಲಿ ವಾಪಸ್ ಪಡೆದು, ಊರಲ್ಲೇ ಕೂಡಿಟ್ಟರು. ಯಾರ ಮನೆ ಬಡ ಮನೆ ಎಂದು ಊರಿನವರೇ ಕೂತು ಗುರುತಿಸಿ, ಕಷ್ಟದ ತಿಂಗಳುಗಳಲ್ಲಿ ಅಗ್ಗಕ್ಕೆ ಕೊಟ್ಟರು. ಅಲ್ಲಿ ಧಾನ್ಯ ಮೊದಲು ಊರಿಗೆ.

ಅಪಾರ್ಟ್‌ಮೆಂಟಿನ ಗುಂಪು ಅಷ್ಟೆಲ್ಲ ಮಾಡಲಾರದು. ಆದರೆ ನೀವು ಕೊಳ್ಳುವ ಪ್ರತಿ 100 ಕಿಲೋ ಕಾಳಿನ ಜೊತೆ ರೈತರ ಮನೆ ಖರ್ಚಿನ 10 ಕಿಲೋವನ್ನೂ ಅದೇ ಗಾಡಿಯಲ್ಲಿ ಮಿಲ್ಲಿಗೆ ಹಾಕಿಸಿ, ಅದರ ಕೂಲಿಯನ್ನು ಗುಂಪಿನ ಲೆಕ್ಕಕ್ಕೆ ಬರೆದುಕೊಳ್ಳಿ. ಕೂಲಿ 60 ರೂಪಾಯಿ. ನಿಮ್ಮ 62 ಕಿಲೋ ಅಕ್ಕಿಯ ಮೇಲೆ ಹಂಚಿದರೆ ಕಿಲೋಗೆ 97 ಪೈಸೆ.